ಹಳೇ ಸೌಂಡ್ ಚಿಪ್‌ಗಳ ಸಿಂಥಸೈಜರ್: ಚಿಪ್ಪನ್ನು ಬೈಯುವ ಮೊದಲು ಕರೆಂಟು ನೋಡಿ

ಫೆಬ್ರವರಿಯಲ್ಲಿ ಮೂಡಿಗೆರೆ ಕಡೆಯ ಗೆಳೆಯರೊಬ್ಬರು ಫೋನ್ ಮಾಡಿದರು. "ಸಿಡ್ ಚಿಪ್ ಹೋಗಿಬಿಡ್ತು ಮಾರಾಯ್ರೇ, ಬರೀ ಗುಂಯ್ ಅಂತದೆ."

"ಯಾವಾಗಿಂದ?"

"ಸಂಜೆ ಹೊತ್ತು ಮಾತ್ರ. ಬೆಳಿಗ್ಗೆ ಚೆನ್ನಾಗೇ ನುಡೀತದೆ."

ಬೆಳಿಗ್ಗೆ ಬದುಕಿ ಸಂಜೆ ಸಾಯುವ ಚಿಪ್ಪನ್ನು ನಾನಿನ್ನೂ ಕಂಡಿಲ್ಲ. ಹಳೇ ಸೌಂಡ್ ಚಿಪ್‌ಗಳಿಂದ ಅವರು ಕಟ್ಟಿದ್ದ ಸಿಂಥಸೈಜರ್ ಪೆಟ್ಟಿಗೆಯನ್ನು ಹಾಸನಕ್ಕೆ ತರಿಸಿಕೊಂಡು ನನ್ನ ಮೇಜಿನ ಮೇಲಿಟ್ಟರೆ ಹಮ್ಮಿಂಗ್ ಸುಳಿವೇ ಇಲ್ಲ. ದೋಷ ಪೆಟ್ಟಿಗೆಯೊಳಗೆ ಅರ್ಧ ಇತ್ತು, ಅವರ ಮನೆಯ ಗೋಡೆಯ ಸಾಕೆಟ್‌ನಲ್ಲಿ ಇನ್ನರ್ಧ ಇತ್ತು. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ವೋಲ್ಟೇಜಿನ ಚಿಪ್‌ಗಳನ್ನು ಕೂರಿಸಿದವರಿಗೆಲ್ಲ ಇದು ಇವತ್ತಲ್ಲ ನಾಳೆ ಬೇಕಾಗುತ್ತದೆ.

ಅವರ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಸಿಡ್ 6581, ಒಂದು ಎವೈ-3-8910, ಎರಡು ಎಸ್‌ಎನ್ 76489 ಎಂಬ ಸೌಂಡ್ ಚಿಪ್‌ಗಳು, ಇವನ್ನೆಲ್ಲ ಕುಣಿಸಲು ಒಂದು ಮೈಕ್ರೋಕಂಟ್ರೋಲರ್ ಬೋರ್ಡು. ಕರೆಂಟಿಗೆ 12 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಬ್ರಿಡ್ಜ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಲ್ಲಿಂದ ವೋಲ್ಟೇಜನ್ನು 12ಕ್ಕೆ ಹಿಡಿದಿಡುವ ಒಂದು 7812 ರೆಗ್ಯುಲೇಟರ್, 5ಕ್ಕೆ ಹಿಡಿದಿಡುವ ಒಂದು 7805. ಹತ್ತರಲ್ಲಿ ಒಂಬತ್ತು ಜನ ಕಟ್ಟುವುದೇ ಹೀಗೆ.

ಮುಟ್ಟುವ ಮೊದಲು

ಟ್ರಾನ್ಸ್‌ಫಾರ್ಮರಿನ ಒಂದು ಕಡೆ 230 ವೋಲ್ಟ್ ಇದೆ. ಆ ಕಡೆಯ ಬೆಸುಗೆಗಳೆಲ್ಲ ಸ್ಲೀವ್‌ನಲ್ಲಿ ಮುಚ್ಚಿರಲಿ, ಲೈನಿನಲ್ಲಿ 250 ಮಿಲಿ ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಇರಲಿ. ಹೊಸದಾಗಿ ಕಟ್ಟಿದ ಅಥವಾ ರಿಪೇರಿ ಮಾಡಿದ ಪೆಟ್ಟಿಗೆಗೆ ಮೊದಲ ಸಲ ಕರೆಂಟು ಕೊಡುವಾಗ 40 ವ್ಯಾಟಿನ ತಂತಿ ಬಲ್ಬನ್ನು ಸೀರಿಸ್‌ನಲ್ಲಿ ಹಾಕಿ. ಬಲ್ಬು ಒಮ್ಮೆ ಮಿಣುಕಿ ಆರಿದರೆ ಸರಿ; ಉರಿಯುತ್ತಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ.

ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರುತ್ತದೆ. 20 ವೋಲ್ಟು ನಿಮಗೆ ಶಾಕ್ ಕೊಡಲಾರದು, ಆದರೆ ಅವಸರದಲ್ಲಿ ಕಿತ್ತ ಚಿಪ್ಪಿನ ಜೀವ ತೆಗೆಯುತ್ತದೆ. 1 ಕಿಲೋ ಓಮ್, ಅರ್ಧ ವ್ಯಾಟಿನ ರೆಸಿಸ್ಟರನ್ನು ಅಡ್ಡ ಹಿಡಿದು ಅರ್ಧ ನಿಮಿಷ ಕಾಯಿರಿ. ಕರೆಂಟು ಇರುವಾಗ ಚಿಪ್ ತೆಗೆಯುವುದು, ಹಾಕುವುದು ಎರಡೂ ಬೇಡ.

ಯಾರಿಗೆ ಎಷ್ಟು ಊಟ

6581ಕ್ಕೆ ಎರಡು ಬಗೆಯ ಊಟ: 25ನೇ ಕಾಲಿಗೆ (ಪಿನ್ನಿಗೆ) 5 ವೋಲ್ಟ್, 28ನೇ ಕಾಲಿಗೆ 12 ವೋಲ್ಟ್, 14ನೇ ಕಾಲು ಗ್ರೌಂಡ್. 1982ರ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆಂದು ಬಾಬ್ ಯಾನಿಸ್ ವಿನ್ಯಾಸ ಮಾಡಿದ ಚಿಪ್ ಇದು. ಒಳಗೆ ಅನಲಾಗ್ ಫಿಲ್ಟರ್ ಇರುವುದರಿಂದಲೇ ಈ ಹೆಚ್ಚುವರಿ 12 ವೋಲ್ಟು. ಅದರ ತಮ್ಮ 8580 ನೋಡಲು ಥೇಟ್ ಹಾಗೇ, ಕಾಲುಗಳ ಲೆಕ್ಕವೂ ಅದೇ. ಆದರೆ 28ನೇ ಕಾಲಿಗೆ ಬೇಕಾದದ್ದು 9 ವೋಲ್ಟ್. 6582 ಎಂದು ಬರೆದಿದ್ದರೂ 9 ವೋಲ್ಟೇ. ಫಿಲ್ಟರಿನ ಕೆಪಾಸಿಟರುಗಳೂ ಬೇರೆ: 6581ಕ್ಕೆ ಸಾಮಾನ್ಯವಾಗಿ 470 ಪಿಕೋಫ್ಯಾರಡ್, 8580ಕ್ಕೆ 22 ನ್ಯಾನೋಫ್ಯಾರಡ್. ನಾನೊಮ್ಮೆ ಜಂಪರ್ ಬದಲಿಸುವುದನ್ನು ಮರೆತು 8580ನ್ನು 12 ವೋಲ್ಟಿನ ಬೇಸಿಗೆ (ಚಿಪ್ ಸಿಕ್ಕಿಸುವ ಸಾಕೆಟ್ಟಿಗೆ) ಕೂರಿಸಿದ್ದೆ. ಹೊಗೆ ಬರಲಿಲ್ಲ, ವಾಸನೆಯೂ ಬರಲಿಲ್ಲ. ಬರೀ ಬಿಸಿಯಾಯಿತು, ಆಮೇಲೆ ಮತ್ತೆಂದೂ ಮಾತಾಡಲಿಲ್ಲ. ಅವತ್ತಿನಿಂದ ಪ್ರತಿ ಬೇಸಿನ ಪಕ್ಕ ಮಾರ್ಕರ್ ಪೆನ್ನಿನಲ್ಲಿ ವೋಲ್ಟೇಜ್ ಬರೆಯುತ್ತೇನೆ.

ಎವೈ-3-8910 (40ನೇ ಕಾಲು ಪ್ಲಸ್, 1ನೇ ಕಾಲು ಗ್ರೌಂಡ್) ಮತ್ತು ಎಸ್‌ಎನ್ 76489 (16 ಪ್ಲಸ್, 8 ಗ್ರೌಂಡ್) ಬರೀ 5 ವೋಲ್ಟಿನ ಸಾಧು ಪ್ರಾಣಿಗಳು. ಯಮಹಾದ ವೈಎಂ 2149, ವೈಎಂ 3812, ವೈಎಂ 2612 ಕೂಡ ಅಷ್ಟೇ. ತಕರಾರಿನ ಆಸಾಮಿ ಎಂದರೆ ಎಸ್‌ಎನ್ 76477. ಅದರ ಹೊಟ್ಟೆಯಲ್ಲೇ ಒಂದು 5 ವೋಲ್ಟಿನ ರೆಗ್ಯುಲೇಟರ್ ಇದೆ. 14ನೇ ಕಾಲಿಗೆ 9 ವೋಲ್ಟ್ ಕೊಟ್ಟರೆ 15ನೇ ಕಾಲಿನಲ್ಲಿ 5 ವೋಲ್ಟ್ ಹೊರಗೆ ಬರುತ್ತದೆ. ಇದು ಗೊತ್ತಿಲ್ಲದೆ 15ನೇ ಕಾಲನ್ನು ಪೆಟ್ಟಿಗೆಯ 5 ವೋಲ್ಟ್ ಲೈನಿಗೆ ಸೇರಿಸಿದರೆ ಎರಡು ರೆಗ್ಯುಲೇಟರುಗಳು ಒಂದೇ ತಂತಿಗಾಗಿ ಜಗಳಕ್ಕೆ ನಿಲ್ಲುತ್ತವೆ.

ಲಕ್ಷಣ: ಸದ್ದೇ ಇಲ್ಲ

ವಾಲ್ಯೂಮ್ ಗುಂಡಿ, ಆಡಿಯೋ ತಂತಿ, ಫ್ಯೂಸ್ ಮೊದಲು. ನಗಬೇಡಿ, ಅರ್ಧ ಕೇಸು ಇಲ್ಲೇ ಮುಗಿಯುತ್ತದೆ.

ಆಮೇಲೆ ಎಲ್ಲ ಚಿಪ್‌ಗಳನ್ನು ತೆಗೆದು, ಖಾಲಿ ಐಸಿ ಬೇಸ್‌ಗಳಲ್ಲಿ ವೋಲ್ಟೇಜ್ ಅಳೆಯಿರಿ. ಮೀಟರಿನ ಕಪ್ಪು ಕಡ್ಡಿ ಆಯಾ ಬೇಸಿನ ಗ್ರೌಂಡ್ ಕಾಲಿನಲ್ಲೇ ಇರಬೇಕು, ಸಪ್ಲೈ ಬೋರ್ಡಿನ ಗ್ರೌಂಡಿನಲ್ಲಲ್ಲ. 5 ವೋಲ್ಟಿನ ಜಾಗದಲ್ಲಿ 4.75ರಿಂದ 5.25, 12ರ ಜಾಗದಲ್ಲಿ 11.4ರಿಂದ 12.6 ಬಂದರೆ ಒಳ್ಳೆಯದು. ಸಪ್ಲೈಯಲ್ಲಿ ಸರಿ ಬಂದು ಬೇಸಿನಲ್ಲಿ ಸೊನ್ನೆ ಬಂದರೆ ತಂತಿ ಅಥವಾ ಬೆಸುಗೆ ಬಿಟ್ಟಿದೆ.

ಖಾಲಿ ಬೇಸಿನ ಅಳತೆಯನ್ನು ಪೂರ್ತಿ ನಂಬಬೇಡಿ. ಹೊರೆ ಇಲ್ಲದಾಗ ಎಲ್ಲ ಸಪ್ಲೈಗಳೂ ಒಳ್ಳೆಯವೇ. 5 ವೋಲ್ಟಿನ ಲೈನಿಗೆ 22 ಓಮ್, 5 ವ್ಯಾಟಿನ ರೆಸಿಸ್ಟರ್ ಹಾಕಿ: ಸುಮಾರು 230 ಮಿಲಿ ಆಂಪಿಯರ್ ಎಳೆಯುತ್ತದೆ. 12ರ ಲೈನಿಗೆ 470 ಓಮ್, ಅರ್ಧ ವ್ಯಾಟ್: ಸುಮಾರು 25 ಮಿಲಿ ಆಂಪಿಯರ್, ಒಂದು 6581 ಆ ಲೈನಿನಿಂದ ಎಳೆಯುವಷ್ಟೇ. ಹೀಗೆ ಐದು ನಿಮಿಷ ಓಡಿಸಿದ ಮೇಲೂ ವೋಲ್ಟೇಜ್ ನಿಂತಿದ್ದರೆ ಮಾತ್ರ ಚಿಪ್‌ಗಳನ್ನು ಒಂದೊಂದಾಗಿ ವಾಪಸ್ ಕೂರಿಸಿ.

ಮೈನಸ್ ವೋಲ್ಟೇಜ್ ಬೇಕಾದ ಆಪ್-ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಐಸಿ) ಇದ್ದರೆ ಮೈನಸ್ 5 ವೋಲ್ಟಿನ ರೆಗ್ಯುಲೇಟರ್ 7905 ಕಡೆಗೂ ಒಂದು ಕಣ್ಣು. 7805ರಲ್ಲಿ ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7905ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅವಳಿಗಳಂತೆ ಕಂಡರೂ ಕಾಲು ಬೇರೆ.

6581 ಬದುಕಿದೆಯೇ ಎಂದು ನೋಡಲು ಒಂದು ಸುಲಭದ ದಾರಿ: 27ನೇ ಕಾಲಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಅಲ್ಲಿಂದ ಗ್ರೌಂಡಿಗೆ 1 ಕಿಲೋ ಓಮ್ ಇರಬೇಕು. ಆರೋಗ್ಯವಂತ ಚಿಪ್ಪಿನಲ್ಲಿ 6 ವೋಲ್ಟಿನ ಆಸುಪಾಸು ಕಾಣುತ್ತದೆ, ಸದ್ದು ಅದರ ಮೇಲೆ ಕೂತು ಬರುತ್ತದೆ. 6 ವೋಲ್ಟ್ ಇದ್ದೂ ಸದ್ದಿಲ್ಲದಿದ್ದರೆ 5ನೇ ಕಾಲಿನ ರೀಸೆಟ್, 1 ಮೆಗಾಹರ್ಟ್ಸ್ ಕ್ಲಾಕ್ ಅಥವಾ ಪ್ರೋಗ್ರಾಂ ಕಡೆ ನೋಡಿ. 28ರಲ್ಲಿ 12 ವೋಲ್ಟ್ ಬಂದೂ 27ರಲ್ಲಿ ಏನೂ ಇಲ್ಲದಿದ್ದರೆ, ಆಗ ಚಿಪ್ಪಿನ ಮೇಲೆ ಅನುಮಾನ ಪಡಬಹುದು.

ಲಕ್ಷಣ: ಸಂಜೆ ಹೊತ್ತು ಗುಂಯ್, ಅದೂ ಸಿಡ್ ಮಾತ್ರ

ಮೂಡಿಗೆರೆಯ ಪೆಟ್ಟಿಗೆಯ ರೋಗ ಇದೇ. ಎವೈ ಶುದ್ಧವಾಗಿ ನುಡಿಯುತ್ತಿತ್ತು, 76489 ಕೂಡ. ಹಮ್ಮಿಂಗ್ ಇದ್ದದ್ದು ಸಿಡ್‌ನಲ್ಲಿ ಮಾತ್ರ. ಗುಟ್ಟು ಇರುವುದು ಈ "ಮಾತ್ರ"ದಲ್ಲೇ. ಆ ಪೆಟ್ಟಿಗೆಯಲ್ಲಿ 12 ವೋಲ್ಟ್ ಲೈನಿನ ಮೇಲೆ ಬದುಕುವ ಚಿಪ್ ಅದೊಂದೇ.

ಲೆಕ್ಕ ಹಾಕೋಣ. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ತುದಿ ವೋಲ್ಟೇಜ್ (ಎಸಿ ಅಲೆ ಏರುವ ಅತಿ ಎತ್ತರ) ಸುಮಾರು 17. ಬ್ರಿಡ್ಜಿನ ಎರಡು ಡಯೋಡುಗಳು 1.4 ತಿಂದರೆ 15.6. ಪೆಟ್ಟಿಗೆ ಎಳೆಯುವುದು ಒಟ್ಟು 0.3 ಆಂಪಿಯರ್. ಬ್ರಿಡ್ಜ್ ಸೆಕೆಂಡಿಗೆ 100 ಸಲ ಕೆಪಾಸಿಟರನ್ನು ತುಂಬುತ್ತದೆ. ನಡುವಿನ ಹೊತ್ತಿನಲ್ಲಿ 1000 ಮೈಕ್ರೋಫ್ಯಾರಡ್ ಸುಮಾರು 3 ವೋಲ್ಟ್ ಇಳಿಯುತ್ತದೆ. ಅಂದರೆ ತಳ 12.6. 7812 ಸರಿಯಾಗಿ ಕೆಲಸ ಮಾಡಲು ಬೇಕಾದದ್ದು ಹತ್ತಿರ ಹತ್ತಿರ 14.5. ಸೆಕೆಂಡಿಗೆ 100 ಸಲ ರೆಗ್ಯುಲೇಟರ್ ಮುಗ್ಗರಿಸುತ್ತದೆ, ಅದೇ ನಿಮಗೆ ಕೇಳಿಸುವ ಗುಂಯ್. 7805ಕ್ಕೆ 7 ವೋಲ್ಟ್ ಇದ್ದರೆ ಸಾಕು, ಅದಕ್ಕೆ ಈ ಕಷ್ಟವೇ ಗೊತ್ತಾಗುವುದಿಲ್ಲ.

ಹಾಗಾದರೆ ಬೆಳಿಗ್ಗೆ ಯಾಕೆ ಸರಿ? ಸಣ್ಣ ಟ್ರಾನ್ಸ್‌ಫಾರ್ಮರುಗಳು ಪೂರ್ತಿ ಹೊರೆ ಇಲ್ಲದಾಗ ಬರೆದದ್ದಕ್ಕಿಂತ ಒಂದೆರಡು ವೋಲ್ಟ್ ಜಾಸ್ತಿಯೇ ಕೊಡುತ್ತವೆ. ಆ ಉಡುಗೊರೆಯ ಮೇಲೆ ಪೆಟ್ಟಿಗೆ ಬದುಕಿತ್ತು. ಫೆಬ್ರವರಿ-ಮಾರ್ಚ್ ಎಂದರೆ ಕಾಫಿ ತೋಟಗಳಿಗೆ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವ ಕಾಲ. ಸಂಜೆ ಸುತ್ತಲಿನ ಪಂಪುಗಳು ಶುರುವಾದಾಗ ಅವರ ಮನೆಯ ಸಾಕೆಟ್‌ನಲ್ಲಿ ಅಳೆಯಲು ಹೇಳಿದೆ: 230ರ ಜಾಗದಲ್ಲಿ 190 ವೋಲ್ಟ್. ಉಡುಗೊರೆ ಅಲ್ಲಿಗೆ ಮುಗಿಯಿತು.

ಖರ್ಚಿಲ್ಲದ ಪರೀಕ್ಷೆ ಹೀಗೆ. 28ನೇ ಕಾಲಿಗೆ ಹೋಗುವ 12 ವೋಲ್ಟ್ ತಂತಿ ಬಿಡಿಸಿ, ಎಂಟು ಪೆನ್ಸಿಲ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಅಲ್ಲಿಗೆ ಕೊಡಿ. ಸೆಲ್‌ಗಳ ಮೈನಸ್ಸು ಪೆಟ್ಟಿಗೆಯ ಗ್ರೌಂಡಿಗೆ ಸೇರಿರಲಿ. ಗುಂಯ್ ನಿಂತರೆ ಸಿಡ್ ನಿರಪರಾಧಿ. ನಿಲ್ಲದಿದ್ದರೆ ಕೆಳಗೆ ಗ್ರೌಂಡಿನ ಬಗ್ಗೆ ಬರೆದಿರುವಲ್ಲಿಗೆ ಹೋಗಿ.

ಮೀಟರಿನಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಡಿಸಿ ರೇಂಜು ತೋರಿಸುವುದು ಸರಾಸರಿ. ಮೇಲಿನ ಲೆಕ್ಕದಲ್ಲಿ ಕೆಪಾಸಿಟರಿನ ಮೇಲೆ 14.1 ಕಾಣುತ್ತದೆ; "ಪರವಾಗಿಲ್ಲವಲ್ಲ" ಅನ್ನಿಸುತ್ತದೆ; ತಳ 12.6 ಎಂಬುದು ಕಾಣುವುದೇ ಇಲ್ಲ. 7812ರ ಔಟ್‌ಪುಟ್ಟಿನಲ್ಲಿ ಎಸಿ ರೇಂಜ್ ಇಟ್ಟು ನೋಡಿ. ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲೂ ಡಿಸಿಗೆ ಮೋಸ ಹೋಗುತ್ತವೆ, ಆದ್ದರಿಂದ ಕೆಂಪು ಕಡ್ಡಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರಿಸ್‌ನಲ್ಲಿ ಹಾಕಿ. ಕೆಲವು ಮಿಲಿವೋಲ್ಟ್ ಸಹಜ, 100 ಮಿಲಿವೋಲ್ಟ್ ದಾಟಿದರೆ ರೋಗ.

ಮೊದಲು ಎಲ್ಲರೂ ಮಾಡುವುದು ದೊಡ್ಡ ಕೆಪಾಸಿಟರ್ ಹಾಕುವುದು. ಇಲ್ಲಿ ಅದು ಸಾಲದು. 190 ವೋಲ್ಟಿನಲ್ಲಿ ತುದಿಯೇ 12.6ಕ್ಕೆ ಬಂದಿರುತ್ತದೆ. 4700 ಮೈಕ್ರೋಫ್ಯಾರಡ್ ಹಾಕಿದರೂ ಇಲ್ಲದ ವೋಲ್ಟೇಜನ್ನು ಅದು ಎಲ್ಲಿಂದ ತರಬೇಕು? 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಜೊತೆಗೆ 2200 ಮೈಕ್ರೋಫ್ಯಾರಡ್ ಹಾಕಿದಾಗ ಸಂಜೆಯ ತಳ 14.8ರ ಹತ್ತಿರ ನಿಂತಿತು. ಕೆಪಾಸಿಟರ್ 35 ವೋಲ್ಟಿನದೇ ಇರಲಿ. ರಾತ್ರಿ ಪಂಪುಗಳು ನಿಂತ ಮೇಲೆ ವೋಲ್ಟೇಜ್ ಏರುತ್ತದೆ, 25 ವೋಲ್ಟಿನ ಕೆಪಾಸಿಟರ್ ಅಂಚಿಗೆ ಬರುತ್ತದೆ.

ಗುಂಯ್ 100 ಹರ್ಟ್ಸ್ ಅಲ್ಲದೆ 50 ಆಗಿದ್ದರೆ (ಮೊಬೈಲಿನ ಸ್ಪೆಕ್ಟ್ರಂ ಆ್ಯಪ್ ಸಾಕು) ಬ್ರಿಡ್ಜಿನ ಒಂದು ಡಯೋಡ್ ಹೋಗಿರಬಹುದು, ಇಲ್ಲವೇ ಗ್ರೌಂಡಿನ ತೊಂದರೆ.

ಲಕ್ಷಣ: ಕರೆಂಟು ಹೋಗಿ ಯುಪಿಎಸ್‌ಗೆ ಬಂದ ಕೂಡಲೇ ಸ್ವರ ಕೆಡುತ್ತದೆ

ಮಳೆಗಾಲದ ಮಲೆನಾಡಿನಲ್ಲಿ ಇದು ನಿತ್ಯದ ಕಥೆ. ಹಳೇ ಯುಪಿಎಸ್‌ಗಳು ಕೊಡುವುದು ಚೌಕ ಅಲೆ. ಸೈನ್ ಅಲೆಯಲ್ಲಿ 230ಕ್ಕೆ ತುದಿ 325 ಇದ್ದರೆ ಚೌಕ ಅಲೆಯಲ್ಲಿ ತುದಿಯೂ 230ರಷ್ಟೇ. ಟ್ರಾನ್ಸ್‌ಫಾರ್ಮರ್ ದಾಟಿ ಬರುವಾಗ 15.6ರ ಜಾಗದಲ್ಲಿ 10.6. ಸಿಡ್‌ನ ಫಿಲ್ಟರ್ ಬಡವಾಗುತ್ತದೆ, ಜೊತೆಗೆ ಝರ್ ಎನ್ನುವ ಸದ್ದು. ಪೆಟ್ಟಿಗೆಯಲ್ಲಿ ಹುಡುಕುವಂಥದ್ದು ಏನೂ ಇಲ್ಲ. ಸೈನ್ ವೇವ್ ಯುಪಿಎಸ್‌ನಲ್ಲಿ ಹಾಕಿ ನೋಡಿ, ಇಲ್ಲವೇ ಕರೆಂಟು ಬರುವ ತನಕ ಕಾಫಿ ಕುಡಿಯಿರಿ.

ಲಕ್ಷಣ: ಹತ್ತು ನಿಮಿಷ ನುಡಿದು ಎಲ್ಲ ಚಿಪ್‌ಗಳೂ ಒಟ್ಟಿಗೆ ಬಾಯಿ ಮುಚ್ಚುತ್ತವೆ

15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿಸಿಕೊಂಡ ಗೆಳೆಯರು ವಾರದೊಳಗೆ ಮತ್ತೆ ಫೋನ್ ಮಾಡಿದರು. ಹಮ್ಮಿಂಗ್ ಹೋಯಿತು, ಈಗ ಪೆಟ್ಟಿಗೆ ಮೂರ್ಛೆ ಹೋಗುತ್ತದೆ. ತಪ್ಪು ನನ್ನದೇ. ಒಂದು ಲೈನಿನ ರೋಗ ವಾಸಿ ಮಾಡುವಾಗ ಇನ್ನೊಂದರ ಲೆಕ್ಕ ಹಾಕಿರಲಿಲ್ಲ.

5 ವೋಲ್ಟಿನ ಹೊರೆ ಹೀಗಿದೆ: 6581ಕ್ಕೆ ಸುಮಾರು 70 ಮಿಲಿ ಆಂಪಿಯರ್, ಎವೈಗೆ 45, ಎರಡು 76489ಕ್ಕೆ 60, ಬೋರ್ಡು-ದೀಪಗಳಿಗೆ 75. ಒಟ್ಟು 250. 7805 ಈ 250ನ್ನು 19.8 ವೋಲ್ಟಿನಿಂದ 5ಕ್ಕೆ ಇಳಿಸಬೇಕು. ಉಳಿದ 14.8 ವೋಲ್ಟನ್ನು ಶಾಖವಾಗಿ ಚೆಲ್ಲುತ್ತದೆ: 3.7 ವ್ಯಾಟ್. ಹೀಟ್ ಸಿಂಕ್ ಇಲ್ಲದ 7805 ಒಂದೊಂದು ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. 1 ವ್ಯಾಟಿನಾಚೆ ನಾನು ಅದನ್ನು ಬರಿಮೈಯಲ್ಲಿ ಬಿಡುವುದಿಲ್ಲ. ಅವರ ಪೆಟ್ಟಿಗೆಯಲ್ಲಿ ಬೆರಳುದ್ದದ ಹೀಟ್ ಸಿಂಕ್ ಇತ್ತು, ಹತ್ತು ನಿಮಿಷಕ್ಕೆ ಸಾಕಾಗುವಷ್ಟು. ಒಳಗಿನ ರಕ್ಷಣೆ ರೆಗ್ಯುಲೇಟರನ್ನು ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ನುಡಿಯುವುದು, ನಿಲ್ಲುವುದು, ಮತ್ತೆ ನುಡಿಯುವುದು ಈ ರೋಗದ ಗುರುತು.

ಪರೀಕ್ಷೆಗೆ ಟೇಬಲ್ ಫ್ಯಾನ್ ಸಾಕು. ಗಾಳಿ ಬಿಟ್ಟಾಗ ನಿಲ್ಲದೆ ನುಡಿದರೆ ಉತ್ತರ ಸಿಕ್ಕಿತು. ಖಾಯಂ ಪರಿಹಾರಕ್ಕೆ ನಾನು 5 ವೋಲ್ಟಿನ ಲೈನನ್ನೇ ಬೇರೆ ಮಾಡಿದೆ. ಬೇರೊಂದು ಪುಟ್ಟ 9 ವೋಲ್ಟ್ ಟ್ರಾನ್ಸ್‌ಫಾರ್ಮರ್, ಅದಕ್ಕೆ ತನ್ನದೇ ಬ್ರಿಡ್ಜ್, ಕೆಪಾಸಿಟರ್, 7805. ಈಗ ಚೆಲ್ಲುವುದು ಒಂದೂವರೆ ವ್ಯಾಟು, ಅದೇ ಬೆರಳುದ್ದದ ಹೀಟ್ ಸಿಂಕ್ ಹೊರುತ್ತದೆ. ಬಕ್ ಮಾಡ್ಯೂಲ್ (ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡು) ಹಾಕಿದರೆ ಇನ್ನೂ ತಂಪು, ಆದರೆ ಕೆಲವದರ ಸಣ್ಣ ಕೀರಲು ಸದ್ದು ಆಡಿಯೋದೊಳಗೆ ನುಸುಳುತ್ತದೆ. ಹಾಕುವುದಿದ್ದರೆ ಚಿಪ್‌ಗಳಿಂದ ದೂರ ಇಡಿ, ಔಟ್‌ಪುಟ್ಟಿನಲ್ಲಿ ಒಂದು ಕಾಯಿಲ್ ಮತ್ತು ಕೆಪಾಸಿಟರ್ ಸೇರಿಸಿ.

ಬಿಸಿಯೆಲ್ಲ ರೋಗವಲ್ಲ ಎಂಬುದೂ ನೆನಪಿರಲಿ. 6581 ಸುಮ್ಮನೆ ಕೂತಾಗಲೂ 0.6 ವ್ಯಾಟಿನ ಹತ್ತಿರ ಉರಿಸುತ್ತದೆ. ಬೆರಳಿಗೆ ಚೆನ್ನಾಗಿಯೇ ಬಿಸಿ ತಾಗುತ್ತದೆ. ಆದರೆ ಆನ್ ಮಾಡಿದ ಒಂದು ನಿಮಿಷದೊಳಗೆ ಯಾವುದೇ ಚಿಪ್ಪಿನ ಮೇಲೆ ಬೆರಳಿಡಲಾಗದಷ್ಟು ಸುಟ್ಟರೆ ತಕ್ಷಣ ಆಫ್ ಮಾಡಿ. ತಿರುಗಿಸಿ ಕೂರಿಸಿದ್ದೀರಿ, ಇಲ್ಲವೇ ತಪ್ಪು ವೋಲ್ಟೇಜ್ ಹೋಗುತ್ತಿದೆ.

ಲಕ್ಷಣ: ಒಂದು ಚಿಪ್ ನುಡಿದರೆ ಇನ್ನೊಂದು ನಡುಗುತ್ತದೆ, ದೀಪ ಮಿನುಗಿದರೆ ಟಿಕ್ ಅನ್ನುತ್ತದೆ

ಪ್ರತಿ ಚಿಪ್ಪಿನ ಪ್ಲಸ್ಸು-ಗ್ರೌಂಡ್ ಕಾಲುಗಳ ಪಕ್ಕದಲ್ಲೇ 104 ಎಂದು ಬರೆದ (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಇದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಹಾಕಿ. ರೂಪಾಯಿ ಲೆಕ್ಕದ ಸಾಮಾನು, ಬಿಟ್ಟವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ಆಮೇಲೆ ಗ್ರೌಂಡ್. ತೆಳು ತಂತಿ, ಬ್ರೆಡ್ ಬೋರ್ಡಿನ ಸಡಿಲ ಹಿಡಿತ ಎಲ್ಲ ಸೇರಿ 0.2 ಓಮ್ ಆಯಿತು ಅನ್ನಿ. ಅದರ ಮೇಲೆ 250 ಮಿಲಿ ಆಂಪಿಯರ್ ಹರಿದರೆ 50 ಮಿಲಿವೋಲ್ಟ್ ಕಸ. ಸಿಡ್‌ನಿಂದ ಬರುವ ಸದ್ದೇ ಹೆಚ್ಚೆಂದರೆ 2 ವೋಲ್ಟು, ಅದರಲ್ಲಿ ಈ ಕಸ ಧಾರಾಳವಾಗಿ ಕೇಳುತ್ತದೆ. ಪೆಟ್ಟಿಗೆ ಓಡುತ್ತಿರುವಾಗ ಚಿಪ್ಪಿನ ಗ್ರೌಂಡ್ ಕಾಲಿಗೂ ಸಪ್ಲೈಯ ಗ್ರೌಂಡಿಗೂ ನಡುವೆ ಮಿಲಿವೋಲ್ಟಿನಲ್ಲಿ ಅಳೆಯಿರಿ. 20 ದಾಟಿದರೆ ತಂತಿ ದಪ್ಪ ಮಾಡಿ. ದೀಪ ಮತ್ತು ಮೈಕ್ರೋಕಂಟ್ರೋಲರಿನ ಗ್ರೌಂಡ್ ತಂತಿ ಬೇರೆ, ಆಡಿಯೋದ್ದು ಬೇರೆ, ಎರಡೂ ಸಪ್ಲೈಯ ಕೆಪಾಸಿಟರಿನ ಬುಡದಲ್ಲಿ ಒಮ್ಮೆ ಮಾತ್ರ ಸೇರಲಿ.

ಲಕ್ಷಣ: ಲ್ಯಾಪ್‌ಟಾಪ್ ಸಿಕ್ಕಿಸಿದರೆ ಕೀರಲು, ಪೆಟ್ಟಿಗೆ ಮುಟ್ಟಿದರೆ ಜುಮ್

ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ, ಬ್ಯಾಟರಿಯಲ್ಲಿ ಓಡಿಸಿ. ಕೀರಲು ನಿಂತರೆ ಅದು ಗ್ರೌಂಡಿನ ಸುತ್ತು, ಅಂದರೆ ಎರಡು ಸಾಧನಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಉಂಗುರ. 1983ರಲ್ಲೇ ಮಿಡಿ (ವಾದ್ಯಗಳು ಸ್ವರದ ಸಂದೇಶ ಹಂಚಿಕೊಳ್ಳುವ ವ್ಯವಸ್ಥೆ) ಮಾಡಿದವರು ಇದನ್ನು ಯೋಚಿಸಿದ್ದರು. ಮಿಡಿಯ ಇನ್‌ಪುಟ್ಟಿನಲ್ಲಿ ತಂತಿಯ ಬದಲು ಬೆಳಕಿನಲ್ಲಿ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಇರಲೇಬೇಕು ಎನ್ನುವುದು ಅದರ ನಿಯಮ. ಯುಎಸ್‌ಬಿ ತಂತಿ ನೇರ ಎಳೆಯುವ ಬದಲು ಐದು ಕಾಲಿನ ಮಿಡಿ ಸಾಕೆಟ್, 6ಎನ್138 ಎಂಬ ಆಪ್ಟೋಕಪ್ಲರ್ ಹಾಕಿ ನೋಡಿ.

ಜುಮ್ ಎನ್ನುವುದು ಎರಡು ಪಿನ್ನಿನ ಚಾರ್ಜರಿನ ಸಣ್ಣ ಸೋರಿಕೆ ಇರಬಹುದು. ನಿಮಗೆ ಬರೀ ಜುಮ್, ಹಳೇ ಚಿಪ್ಪಿಗೆ ಅದು ಪ್ರಾಣಾಂತಿಕ. ಗ್ರೌಂಡ್ ತಂತಿ ಮೊದಲು ಸೇರಿಸಿ, ಸಿಗ್ನಲ್ ಆಮೇಲೆ. ಜುಮ್ ಬದಲು ಏಟು ಹೊಡೆದಂತಾದರೆ ಅದು ಸೋರಿಕೆಯ ಮಾತಲ್ಲ. ಮನೆಯ ಅರ್ಥಿಂಗ್ ಅಥವಾ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಕೆಟ್ಟಿದೆ. ಹಮ್ಮಿಂಗ್ ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ.

ಲಕ್ಷಣ: ಮಳೆಗಾಲದಲ್ಲಿ ಮಾತ್ರ ಕೈಕೊಡುತ್ತದೆ

ಜುಲೈನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಚಪ್ಪಲಿಗೂ ಬೂಸಲು ಹಿಡಿಯುತ್ತದೆ, ಐಸಿ ಬೇಸ್ ಯಾವ ಲೆಕ್ಕ. ಹಳೇ ಚಿಪ್‌ಗಳ ಕಾಲು ಕಪ್ಪಾಗಿರುತ್ತವೆ. ಆಫ್ ಮಾಡಿ, ಚಿಪ್ ತೆಗೆದು, ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಕೂರಿಸಿ. ಬೇಸ್ ಸಡಿಲವಾಗಿದ್ದರೆ ಬದಲಿಸಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ದೋಷದಂತೆ ಕಾಣುವ ಸ್ವಭಾವ

ಆನ್ ಮಾಡಿದ ಕೂಡಲೇ 76489 ಕಿರುಚಿದರೆ ಗಾಬರಿ ಬೇಡ. ಅದಕ್ಕೆ ರೀಸೆಟ್ ಕಾಲೇ ಇಲ್ಲ, ಪ್ರೋಗ್ರಾಂ ಬಂದು ಸುಮ್ಮನಿರು ಅನ್ನುವ ತನಕ ಅದು ಅರಚುತ್ತದೆ. 6581ರ ವಾಲ್ಯೂಮ್ ಬದಲಿಸಿದಾಗ ಟಕ್ ಎನ್ನುವುದೂ ಹುಟ್ಟುಗುಣ. ಎವೈ ಜಾಗಕ್ಕೆ ಹಾಕಿದ ವೈಎಂ 2149 ಒಂದು ಸ್ಥಾಯಿ ಕೆಳಗೆ ಹಾಡಿದರೆ ಅದರ 26ನೇ ಕಾಲು ಗ್ರೌಂಡಿಗೆ ತಾಗಿದೆ. ಆ ಕಾಲು ಕ್ಲಾಕನ್ನು ಅರ್ಧ ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿ

ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾರ್ನಿಷ್ ವಾಸನೆ ಬಂದರೆ, ಫ್ಯೂಸ್ ಎರಡನೇ ಸಲ ಹೋದರೆ, ಕೆಪಾಸಿಟರಿನ ತಲೆ ಉಬ್ಬಿದ್ದರೆ, ಪೆಟ್ಟಿಗೆಯ ಲೋಹಕ್ಕೆ ಟೆಸ್ಟರ್ ಹಿಡಿದಾಗ ದೀಪ ಹತ್ತಿದರೆ ಮುಂದುವರಿಯಬೇಡಿ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಕಟ್ಟುವ ಯೋಚನೆಯಂತೂ ಬೇಡವೇ ಬೇಡ. ಇವು ಚಿಪ್ಪಿನ ರೋಗಗಳಲ್ಲ, 230 ವೋಲ್ಟಿನವು. ಹಳೇ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡಿ ಕೈ ಪಳಗಿದವರು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇನ್ನೂ ಇದ್ದಾರೆ. ಅವರಿಗೆ ಸಿಡ್ ಗೊತ್ತಿರದಿರಬಹುದು, ಸಪ್ಲೈ ಚೆನ್ನಾಗಿ ಗೊತ್ತು. ಹೋಗುವಾಗ ಚಿಪ್‌ಗಳನ್ನು ಕಿತ್ತು ಮನೆಯಲ್ಲೇ ಇಡಿ. ಬೇಸುಗಳ ವೋಲ್ಟೇಜ್ ಬರೆದ ಚೀಟಿ, ಜೊತೆಗೆ ಆ 22 ಓಮ್ ಮತ್ತು 470 ಓಮ್ ರೆಸಿಸ್ಟರುಗಳು ಕೈಯಲ್ಲಿರಲಿ.